ಟೆಕ್ನಿಷಿಯನ್ ನಡೆಸುವ ಎಕೋ ಕ್ಲಿನಿಕ್ ನಂಬಬಹುದಾ?

ಪ್ರಶ್ನೆ:
ಅಮ್ಮನಿಗೆ ಹೃದಯದ ಅಯೋರ್ಟಿಕ್ ಕವಾಟ ಕಿರಿದಾಗಿದೆ. ಮಧ್ಯಮ ಹಂತ. ಕಳೆದ ಸಲ ತಜ್ಞರ ಸರದಿಗೆ 5 ತಿಂಗಳು ಕಾದೆವು. ಈಗ ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಟೆಕ್ನಿಷಿಯನ್ನೇ ನಡೆಸುವ ಕ್ಲಿನಿಕ್‌ಗೆ ಬನ್ನಿ, 3 ವಾರ ಸಾಕು ಅಂತಿದ್ದಾರೆ. ಡಾಕ್ಟರ್ ನೋಡದಿದ್ದರೆ ಏನಾದರೂ ತಪ್ಪಿಹೋಗುತ್ತಾ? ಭಯ ಆಗ್ತಿದೆ.

ಉತ್ತರ 1:
ನಾನು 11 ವರ್ಷದಿಂದ ಎಕೋ ಮಾಡುತ್ತಿದ್ದೇನೆ. ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ತಜ್ಞರ ಹತ್ತಿರ ಹೋದಾಗಲೂ ಹೆಚ್ಚಿನ ಕಡೆ ಪ್ರೋಬ್ (ಎದೆ ಮೇಲೆ ಇಟ್ಟು ನೋಡುವ ಸಾಧನ) ಹಿಡಿಯುವುದು ನಮ್ಮಂಥವರೇ. ಅಮ್ಮನನ್ನು ಎಡಮಗ್ಗುಲಿಗೆ ಮಲಗಿಸಿ, ಉಸಿರು ಬಿಟ್ಟು ಹಿಡಿಯಿರಿ ಅಂದು, ಕವಾಟದಿಂದ ರಕ್ತ ಚಿಮ್ಮುವ ವೇಗ ಅಳೆಯುತ್ತೇವೆ. ಒಂದೇ ಕೋನದಿಂದ ಅಳೆದರೆ ಸಾಲದು. ಪ್ರೋಬ್ ಸ್ವಲ್ಪ ಓರೆಯಾದರೂ ವೇಗ ಕಡಿಮೆ ತೋರಿಸುತ್ತದೆ, ಕಾಯಿಲೆ ಸಣ್ಣದು ಅನ್ನಿಸಿಬಿಡುತ್ತದೆ. ಅದಕ್ಕೇ ಪಕ್ಕೆಲುಬಿನ ಸಂದಿ, ಕುತ್ತಿಗೆಯ ಬುಡ, ಎಲ್ಲ ಕಡೆಯಿಂದ ಹುಡುಕುತ್ತೇನೆ. ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ತೀವ್ರ ಹಂತ. ಆಗ ವರದಿ ನೇರ ತಜ್ಞರ ಮೇಜಿಗೆ ಹೋಗಬೇಕು. ಆ ದಾರಿ ಇಲ್ಲದ ಕ್ಲಿನಿಕ್ ಬೇಡ. ಇದನ್ನು ಮೊದಲೇ ಕೇಳಿಬಿಡಿ.

ಉತ್ತರ 2:
ನಮ್ಮ ಮಾವನಿಗೆ 3 ವರ್ಷದಿಂದ ಇಂಥ ಕ್ಲಿನಿಕ್‌ನಲ್ಲೇ ಎಕೋ ನಡೀತಿದೆ. ಹಳೆಯ ವರದಿ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ಹೇಳುತ್ತಾರೆ. ಆತುರ ಮಾಡಲ್ಲ. ಇಂಥ ಕ್ಲಿನಿಕ್‌ಗಳು ಜಾಸ್ತಿ ಆಗಲಿ.

ಉತ್ತರ 1:
ಇನ್ನೊಂದು ಮಾತು. ಮೆಟ್ಟಿಲು ಹತ್ತುವಾಗ ಎದೆ ನೋವು, ಏದುಸಿರು, ತಲೆ ಸುತ್ತಿ ಬೀಳುವುದು, ಇವು ಶುರುವಾದರೆ ಮುಂದಿನ ಎಕೋ ತನಕ ಕಾಯಬೇಡಿ. ತಕ್ಷಣ ಡಾಕ್ಟರನ್ನು ನೋಡಿ.

ಪ್ರಶ್ನೆ ಕೇಳಿದವರು:
ಮೆಟ್ಟಿಲ ಹತ್ತಿರ ಅಮ್ಮ ಈಚೆಗೆ ನಿಂತು ನಿಂತು ಹತ್ತುತ್ತಾರೆ. ವಯಸ್ಸು ಅಂದುಕೊಂಡಿದ್ದೆ. ನಾಳೆಯೇ ಫೋನ್ ಮಾಡುತ್ತೇನೆ.