ಒಳ್ಳೆಯ ಪಬ್ಲಿಕ್ ಸ್ಕೂಲ್ (ಸರ್ಕಾರಿ ಶಾಲೆ) ಅಂತ ಯಾವ ರಾಜ್ಯಕ್ಕೆ ಹೋಗೋದು?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿ ಡಲ್ಲಾಸ್ ಹತ್ತಿರ ಇದ್ದೇವೆ. ಇಬ್ಬರಿಗೂ ಮನೆಯಿಂದಲೇ ಕೆಲಸ, ಹಾಗಾಗಿ ಎಲ್ಲಿಗೆ ಬೇಕಾದರೂ ಹೋಗಬಹುದು. ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ, ಮೆಸಾಚುಸೆಟ್ಸ್, ಈ ಮೂರರಲ್ಲಿ ಒಂದು ಅಂದುಕೊಂಡಿದ್ದೇವೆ. ಮಗ ಎಂಟನೇ ಗ್ರೇಡ್, ಈ ವರ್ಷ ಆಲ್ಜಿಬ್ರಾ ಒಂದು ಮುಗಿಯುತ್ತದೆ. ಮಗಳಿಗೆ ಬರುವ ಸೆಪ್ಟೆಂಬರ್ 12ಕ್ಕೆ ಐದು ತುಂಬುತ್ತದೆ. ಮನೆ ಹುಡುಕುವ ಸೈಟಿನಲ್ಲಿ 9, 10 ರೇಟಿಂಗ್ ಇರುವ ಸ್ಕೂಲ್ ಮಾತ್ರ ನೋಡಿದರೆ ಸಾಕಾ?

ಉತ್ತರ (ಹೈಸ್ಕೂಲ್ ಕೌನ್ಸೆಲರ್): ಬರೀ ರಾಜ್ಯದ ಲೆಕ್ಕ ಅಂದರೆ ಮೆಸಾಚುಸೆಟ್ಸ್. ದೇಶದ ಎಲ್ಲ ರಾಜ್ಯಗಳನ್ನೂ ಹೋಲಿಸುವ ಎನ್‌ಎಇಪಿ ಪರೀಕ್ಷೆಯಲ್ಲಿ 2024ರಲ್ಲೂ ಓದು, ಗಣಿತ ಎರಡರಲ್ಲೂ ಅದು ಮುಂದಿತ್ತು. ಆದರೆ ನಿಮ್ಮ ಮಕ್ಕಳಿಗೆ ಯಾವ ಸ್ಕೂಲ್ ಅನ್ನೋದನ್ನು ಮನೆ ವಿಳಾಸ ತೀರ್ಮಾನಿಸುತ್ತದೆ. ರಸ್ತೆಯ ಈಚೆ ಒಂದು ಸ್ಕೂಲ್, ಆಚೆ ಇನ್ನೊಂದು ಆಗಿರಬಹುದು.

ಇನ್ನೊಂದು ವಿಷಯ, ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಮೆಸಾಚುಸೆಟ್ಸ್‌ನಲ್ಲಿ ಶೇ. 5 ಕಟ್ಟಬೇಕು. ಮನೆ ಬೆಲೆಗೆ ಮೊದಲು ಸಂಬಳಕ್ಕೆ ಈ ಲೆಕ್ಕ ಹಾಕಿ.

ರೇಟಿಂಗ್ ಬಗ್ಗೆ ಹೇಳೋದಾದರೆ, ಆ ಅಂಕಿ ಹೆಚ್ಚಾಗಿ ಪರೀಕ್ಷೆಯ ಅಂಕಗಳಿಂದ ಬರುತ್ತದೆ. ಹಣವಂತರು ಇರುವ ಕಡೆ ಅಂಕ ಹೇಗೂ ಜಾಸ್ತಿ. ಒಂದೇ ಮಗು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಬಂತು ಅನ್ನುವ ಗ್ರೋತ್ ಅಂಕಿ ಬೇರೆಯೇ ಇರುತ್ತದೆ, ಅದನ್ನು ನೋಡಿ. ಮನೆ ತೋರಿಸುವ ಏಜೆಂಟ್ ಹತ್ತಿರ ‘ಒಳ್ಳೆ ಸ್ಕೂಲ್ ಯಾವುದು’ ಅಂತ ಕೇಳಿದರೆ ಮಾತು ತೇಲಿಸುತ್ತಾರೆ. ಅದು ಅಹಂಕಾರ ಅಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ, ಧರ್ಮ ನೋಡಿ ಭೇದ ಮಾಡಬಾರದು ಅನ್ನುವ 1968ರ ಫೇರ್ ಹೌಸಿಂಗ್ ಕಾನೂನಿನ ಭಯ. ‘ಒಳ್ಳೆ ಸ್ಕೂಲ್’ ಅಂತ ಒಂದು ಕಡೆಗೆ ತಳ್ಳಿದರೂ ಭೇದ ಅನ್ನಿಸಿಕೊಳ್ಳಬಹುದು.

ಮಗಳ ಹುಟ್ಟುಹಬ್ಬವೇ ನಿಮ್ಮ ದೊಡ್ಡ ಪ್ರಶ್ನೆ. ವರ್ಜೀನಿಯಾದಲ್ಲಿ ಸೆಪ್ಟೆಂಬರ್ 30ರೊಳಗೆ ಐದು ತುಂಬಿದರೆ ಕಿಂಡರ್‌ಗಾರ್ಟನ್ ಸಿಗುತ್ತದೆ. ನಾರ್ತ್ ಕ್ಯಾರೊಲಿನಾದಲ್ಲಿ ಗಡುವು ಆಗಸ್ಟ್ 31. ಅಂದರೆ ಅಲ್ಲಿ ಹನ್ನೆರಡು ದಿನದ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಇನ್ನೊಂದು ವರ್ಷ ಡೇಕೇರ್ ಖರ್ಚು. ಮೆಸಾಚುಸೆಟ್ಸ್‌ನಲ್ಲಿ ಆಯಾ ಊರಿನ ಸ್ಕೂಲ್ ಡಿಸ್ಟ್ರಿಕ್ಟೇ (ಅಲ್ಲಿನ ಸ್ಕೂಲುಗಳನ್ನು ನಡೆಸುವ ಆಡಳಿತ) ತಾರೀಖು ಇಡುತ್ತದೆ, ಫೋನ್ ಮಾಡಿ ಕೇಳಿ.

ಮಗನ ವಿಷಯದಲ್ಲಿ ನನಗೆ ಸ್ವಲ್ಪ ಚಿಂತೆ ಇದೆ. ನಾರ್ತ್ ಕ್ಯಾರೊಲಿನಾ ಹೈಸ್ಕೂಲಿನಲ್ಲಿ ಆಲ್ಜಿಬ್ರಾ, ಜಿಯಾಮೆಟ್ರಿ ಅಂತ ಬೇರೆ ಬೇರೆ ಮಾಡಲ್ಲ. ಎಲ್ಲ ಸೇರಿಸಿ ಮ್ಯಾತ್ 1, 2, 3 ಅಂತ ಕಲಿಸುತ್ತಾರೆ. ಟೆಕ್ಸಸ್‌ನಲ್ಲಿ ಕಲಿತದ್ದು ಅಲ್ಲಿ ಪೂರ್ತಿ ಹೊಂದೋದಿಲ್ಲ, ನಡುವೆ ಒಂದೆರಡು ಪಾಠ ತಪ್ಪಬಹುದು. ವರ್ಜೀನಿಯಾದಲ್ಲಿ ಆ ತೊಂದರೆ ಕಡಿಮೆ. ಎಲ್ಲಿಗೆ ಹೋದರೂ ಆಲ್ಜಿಬ್ರಾ ಒಂದಕ್ಕೆ ಹೈಸ್ಕೂಲ್ ಕ್ರೆಡಿಟ್ ಸಿಕ್ಕಿದೆ ಅಂತ ಬರೆದ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ಅಧಿಕೃತ ದಾಖಲೆ) ಈಗಿನ ಸ್ಕೂಲಿಂದ ಪಡೆಯಿರಿ. ಹೊರಡೋದು ಒಂಬತ್ತನೇ ಗ್ರೇಡ್ ಶುರುವಾಗುವ ಮುಂಚೆ. ಹೈಸ್ಕೂಲಿನ ಮಧ್ಯೆ ಕಿತ್ತು ತಂದ ಮಕ್ಕಳನ್ನು ತುಂಬಾ ನೋಡಿದ್ದೇನೆ, ಓದಿಗಿಂತ ಗೆಳೆಯರಿಲ್ಲದೆ ಕುಗ್ಗುತ್ತಾರೆ.

ಪ್ರಶ್ನೆ: ಹಾಗಾದರೆ ಮೊದಲು ಬಾಡಿಗೆ ಮನೆಯೇ ವಾಸಿ ಅಲ್ವಾ? ಬಾಡಿಗೆಯವರಿಗೆ ಸ್ಕೂಲ್ ಸಿಗುತ್ತದಾ?

ಉತ್ತರ: ಖಂಡಿತ ಸಿಗುತ್ತದೆ. ಲೀಸ್, ಕರೆಂಟ್ ಬಿಲ್ ಇಂಥವು ವಿಳಾಸಕ್ಕೆ ಸಾಕ್ಷಿ. ಆದರೆ ನಾರ್ತ್ ಕ್ಯಾರೊಲಿನಾದ ವೇಕ್ ಕೌಂಟಿಯಂಥ ಕಡೆ ಜನ ಜಾಸ್ತಿ ಬಂದು ಕೆಲವು ಸ್ಕೂಲುಗಳಲ್ಲಿ ಮಕ್ಕಳ ಸಂಖ್ಯೆಗೆ ಮಿತಿ ಹಾಕಿದ್ದಾರೆ. ಅಂಥ ಸ್ಕೂಲಿನ ವ್ಯಾಪ್ತಿಗೆ ಹೊಸದಾಗಿ ಬಂದರೆ ಮಗುವನ್ನು ದೂರದ ಇನ್ನೊಂದು ಸ್ಕೂಲಿಗೆ ಕಳಿಸಬಹುದು. ಲೀಸಿಗೆ ಸಹಿ ಹಾಕುವ ಮುಂಚೆ ಡಿಸ್ಟ್ರಿಕ್ಟ್ ಆಫೀಸಿಗೆ ಮನೆ ನಂಬರ್ ಸಮೇತ ವಿಳಾಸ ಕೊಟ್ಟು ‘ಈ ಸ್ಕೂಲಿನಲ್ಲಿ ಈಗ ಜಾಗ ಇದೆಯಾ’ ಅಂತ ಕೇಳಿ, ಉತ್ತರ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಮಕ್ಕಳ ಲಸಿಕೆ ದಾಖಲೆಗಳನ್ನು ಸಾಮಾನಿನ ಟ್ರಕ್ಕಿಗೆ ಹಾಕಬೇಡಿ, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.