ಪ್ರಾಕ್ಟಿಕಲ್ ಹತ್ತಿರ ಬಂತು, ಕಾಲು ಉಳುಕಿದೆ. ಕ್ಲಾಸಿನಲ್ಲಿ ಸುಮ್ನೆ ಕೂರಬೇಕಾ?

ಬ್ಲಾಕರ್_ಹುಡುಗಿ:

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣವನ್ನು ಒಂದು ವಿಷಯವಾಗಿ ತೆಗೆದುಕೊಂಡಿದ್ದೇನೆ. ಕಳೆದ ವಾರ ವಾಲಿಬಾಲ್ ಕ್ಲಾಸಿನಲ್ಲಿ ಬ್ಲಾಕ್ ಮಾಡಲು, ಅಂದರೆ ಎದುರು ತಂಡದ ಹೊಡೆತವನ್ನು ನೆಟ್ ಬಳಿಯೇ ತಡೆಯಲು, ನೆಗೆದೆ. ಎದುರು ತಂಡದವಳ ಪಾದ ನೆಟ್ ಕೆಳಗೆ ಈಚೆ ಬಂದಿತ್ತು. ಇಳಿಯುವಾಗ ನನ್ನ ಬಲಗಾಲು ಅದರ ಮೇಲೇ ಬಿತ್ತು. ಪಾದ ಒಳಕ್ಕೆ ಮಡಚಿತು. ಸಂಜೆಯೊಳಗೆ ಗಿಣ್ಣಿನ ಹೊರಬದಿ ಊದಿಕೊಂಡು ನೀಲಿಯಾಯಿತು. ಡಾಕ್ಟರ್ ಎಕ್ಸ್‌ರೇ ನೋಡಿ, ಮೂಳೆಗೆ ಏನೂ ಆಗಿಲ್ಲ, ಲಿಗಮೆಂಟ್ ಸ್ವಲ್ಪ ಹರಿದಿದೆ, ಎರಡನೇ ಗ್ರೇಡ್ ಉಳುಕು ಎಂದರು.

ಈಗ ಕುಂಟುತ್ತಾ ನಡೆಯುತ್ತೇನೆ. ಕ್ಲಾಸಿನಲ್ಲಿ ಎಲ್ಲರೂ ಆಡುವಾಗ ನಾನು ಬೆಂಚಿನ ಮೇಲೆ, ಎಲ್ಲರ ನೀರಿನ ಬಾಟಲಿ ಕಾಯುತ್ತಾ ಕೂತಿರುತ್ತೇನೆ. ಅಳು ಬರುತ್ತದೆ. ಮುಂದೆ ವಾಲಿಬಾಲ್, ಎತ್ತರ ಜಿಗಿತ, ಓಟ, ಮೂರಕ್ಕೂ ಪ್ರಾಕ್ಟಿಕಲ್ ಇದೆ. ಎಷ್ಟು ವಾರಕ್ಕೆ ಸರಿಹೋಗುತ್ತದೆ? ಅಲ್ಲಿಯವರೆಗೆ ಏನು ಮಾಡಲಿ?

ಸ್ಮ್ಯಾಶರ್:

ನನಗೂ ಹೀಗೇ ಆಗಿತ್ತು. ಬಿಸಿ ಶಾಖ ಕೊಟ್ಟು ಚೆನ್ನಾಗಿ ತಿಕ್ಕಿಸಿಕೊಂಡೆ, ಬಿಗಿಯಾಗಿ ಬ್ಯಾಂಡೇಜ್ ಕಟ್ಟಿ ಆಡಿದೆ. ಭಯಪಟ್ಟರೆ ಇನ್ನೂ ನಿಧಾನ ಆಗುತ್ತದೆ. ಆಡಿಬಿಡು.

ಪಿಟಿ_ಮೇಡಂ:

ಸ್ಮ್ಯಾಶರ್, ನಿಮ್ಮ ಧೈರ್ಯ ದೊಡ್ಡದು. ಆದರೆ ಈ ಸಲಹೆಯನ್ನು ಅವಳು ಪಾಲಿಸಬಾರದು. ಪೆಟ್ಟಾದ ಮೊದಲ ಎರಡು ಮೂರು ದಿನ ಶಾಖ ಕೊಟ್ಟು ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಜಾಸ್ತಿ ಆಗಬಹುದು. ಆಗ ಬೇಕಾದದ್ದು ಬಟ್ಟೆ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ, ಹದವಾದ ಎಲಾಸ್ಟಿಕ್ ಬ್ಯಾಂಡೇಜ್, ಮಲಗಿದಾಗ ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟ ಕಾಲು. ಬೆರಳು ಜೋಮು ಹಿಡಿದರೆ ಬ್ಯಾಂಡೇಜ್ ಬಿಗಿಯಾಗಿದೆ ಎಂದರ್ಥ.

ಪುಟ್ಟಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಶಾಲೆಯಲ್ಲಿ ದೈಹಿಕ ಶಿಕ್ಷಣ ಹೇಳಿಕೊಡುತ್ತೇನೆ. ಪೆಟ್ಟಾದ ಮಕ್ಕಳೆಲ್ಲ ಮೊದಲು ಕೇಳುವುದು ‘ಎಷ್ಟು ವಾರ’ ಅಂತಲೇ. ಎರಡನೇ ಗ್ರೇಡ್ ಅಂದರೆ ಸಾಮಾನ್ಯವಾಗಿ ಮೂರರಿಂದ ಆರು ವಾರ. ಆದರೆ ಆ ಲೆಕ್ಕ ನೋಡಿಕೊಂಡು ಅಂಗಳಕ್ಕೆ ಇಳಿಯಬೇಡ. ನಿನ್ನ ಕಾಲು ಏನು ಮಾಡಬಲ್ಲದು ಅನ್ನುವುದನ್ನು ನೋಡು. ಮೊದಲು ಕುಂಟದೆ ನಡೆಯಬೇಕು. ಆಮೇಲೆ ಆ ಒಂದೇ ಕಾಲಿನ ಬೆರಳ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಲು ಆಗಬೇಕು. ಮುಂದೆ ನೇರ ಓಟ. ಅದಾದ ಮೇಲೆ ಒಂಟಿ ಕಾಲಿನ ಕುಪ್ಪಳಿಕೆ, ಓಡುತ್ತಾ ಥಟ್ಟನೆ ತಿರುಗುವುದು. ಕೊನೆಗೆ ನೆಗೆದು ಇಳಿಯುವುದು. ಪ್ರತಿ ಹಂತದಲ್ಲೂ ಎಡಗಾಲಿನ ಜೊತೆ ಹೋಲಿಸು. ನೋವಿಲ್ಲದೆ ಎರಡೂ ಒಂದೇ ಥರ ಮಾಡಿದರೆ ಮಾತ್ರ ಮುಂದಿನದು. ಮಾರನೇ ದಿನ ಊತ ಬಂದರೆ ಒಂದು ಹೆಜ್ಜೆ ಹಿಂದೆ.

ಪೂರ್ತಿ ಅಲ್ಲಾಡಿಸದೆ ಕೂರುವುದೂ ಒಳ್ಳೆಯದಲ್ಲ. ಐಸ್, ವಿಶ್ರಾಂತಿಯ ಸೂತ್ರವನ್ನು 1978ರಲ್ಲಿ ಜನಪ್ರಿಯ ಮಾಡಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡಮಾಡಬಹುದು ಎಂದು ಆಮೇಲೆ ಬರೆದರು. ಅದಕ್ಕೇ ಐಸ್ ಮೊದಲ ದಿನಗಳ ನೋವಿಗೆ ಸಾಕು. ಈಗ ಡಾಕ್ಟರ್ ಒಪ್ಪಿದರೆ ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆ. ಗಿಣ್ಣು ಎಲ್ಲ ದಿಕ್ಕಿಗೂ ಆಡುತ್ತದೆ.

ಇನ್ನೊಂದು ವಿಷಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಲಿಗಮೆಂಟ್ ಮೂಳೆಗಳನ್ನು ಹಿಡಿದಿಡುವುದಷ್ಟೇ ಅಲ್ಲ, ಪಾದ ಎತ್ತ ವಾಲುತ್ತಿದೆ ಎಂದು ಮೆದುಳಿಗೆ ತಿಳಿಸುವ ನರದ ತುದಿಗಳೂ ಅದರಲ್ಲಿವೆ. ಉಳುಕಿದಾಗ ಅವಕ್ಕೂ ಪೆಟ್ಟು. ನೋವು ಹೋದರೂ ಕಾಲು ಮತ್ತೆ ಮತ್ತೆ ಮಡಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಭಾರ ಹಾಕಲು ಬಂದ ಮೇಲೆ ದಿನಾ ಒಂಟಿ ಕಾಲಿನಲ್ಲಿ ನಿಲ್ಲು, ಪಕ್ಕದಲ್ಲಿ ಗೋಡೆ ಇರಲಿ. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ. ಆಮೇಲೆ ಗೆಳತಿ ಎಸೆದ ಬಾಲ್ ಹಿಡಿಯುತ್ತಾ. ನೋಡಲು ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟ ಮಕ್ಕಳು ಮತ್ತೆ ಅದೇ ಕಾಲು ಹಿಡಿದುಕೊಂಡು ಕೂತಿದ್ದನ್ನು ನೋಡಿ ನನಗೆ ಸಂಕಟವಾಗಿದೆ.

ಬಾಟಲಿ ಕಾಯುವುದನ್ನು ನಿಲ್ಲಿಸು. ನಿಮ್ಮ ಟೀಚರ್ ಹತ್ತಿರ ಹೋಗಿ ಸ್ಕೋರಿಂಗ್ ಕೇಳು, ಲೈನ್ ಜಡ್ಜ್ ಕೆಲಸ ಕೇಳು. ನನಗನ್ನಿಸುವುದು, ನೆಟ್ ಕೆಳಗಿನ ಪಾದಗಳನ್ನೇ ನೋಡುತ್ತಾ ಬರೆದುಕೋ. ನಿಯಮದ ಪ್ರಕಾರ ಪಾದ ಎದುರು ಅಂಗಳ ಮುಟ್ಟಬಹುದು, ಆದರೆ ಅದರ ಒಂದು ಭಾಗವಾದರೂ ಮಧ್ಯದ ಗೆರೆಗೆ ತಾಗಿರಬೇಕು, ಇಲ್ಲವೇ ಅದರ ನೇರ ಮೇಲಿರಬೇಕು. ಅಂದರೆ ಫೌಲ್ ಆಗದೆಯೂ ಒಬ್ಬರ ಪಾದ ಇನ್ನೊಬ್ಬರು ಇಳಿಯುವ ಜಾಗದಲ್ಲಿ ಇರಬಹುದು! ನಿನಗಾದದ್ದು ವಾಲಿಬಾಲ್‌ನಲ್ಲಿ ತೀರಾ ಸಾಮಾನ್ಯ. ನಾರ್ವೆಯಲ್ಲಿ ಆಟಗಾರರಿಗೆ ನೆಗೆದು ಇಳಿಯುವ ಕ್ರಮ ತಿದ್ದಿ, ಬ್ಯಾಲೆನ್ಸ್ ಬೋರ್ಡ್ ಎಂಬ ಅಲುಗಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸ ಕೊಟ್ಟಾಗ ಇಂಥ ಉಳುಕು ಅರ್ಧದಷ್ಟು ಇಳಿಯಿತು ಎಂದು 1997ರ ಅಧ್ಯಯನವೊಂದು ತೋರಿಸಿತು. ಯಾರು ಹೇಗೆ ಇಳಿಯುತ್ತಾರೆ ಎಂದು ನೀನು ಬರೆದದ್ದೇ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಪ್ರಾಕ್ಟಿಕಲ್ ಬಗ್ಗೆ ಈಗಲೇ ಡಾಕ್ಟರ್ ಚೀಟಿ ಕೊಟ್ಟು ಮಾತಾಡು. ಕೂತು ಮಾಡುವ ಅಪ್ಪರ್ ಪಾಸ್ (ತಲೆಯ ಮೇಲೆ ಬೆರಳುಗಳಿಂದ ಬಾಲ್ ತಳ್ಳುವುದು), ನಿಯಮದ ಪ್ರಶ್ನೆಗಳು ಮೊದಲು ಇರಲಿ, ಜಿಗಿತ ಕೊನೆಗೆ ಇರಲಿ ಎಂದು ಕೇಳು.

ಓದುವ_ಫಿಸಿಯೋ:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಳೆಯುವ ವಯಸ್ಸಿನಲ್ಲಿ ಮೂಳೆ ತುದಿಯ ಬೆಳವಣಿಗೆ ತಟ್ಟೆ, ಅಂದರೆ ಮೂಳೆ ಉದ್ದಕ್ಕೆ ಬೆಳೆಯುವ ಜಾಗ, ಮೆತ್ತಗಿರುತ್ತದೆ. ಅಲ್ಲಿ ಆದ ಪೆಟ್ಟು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಹೊರಗಿನ ಮೂಳೆಯನ್ನೇ ಒತ್ತಿದಾಗ ತುಂಬಾ ನೋವಾದರೆ, ಅಥವಾ ನಾಲ್ಕು ಹೆಜ್ಜೆ ಕೂಡ ಇಡಲಾಗದಿದ್ದರೆ, ತಡಮಾಡದೆ ಮತ್ತೆ ಡಾಕ್ಟರಿಗೆ ತೋರಿಸಮ್ಮ.

ಬ್ಲಾಕರ್_ಹುಡುಗಿ:

ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಸರ್. ಮೂಳೆ ಒತ್ತಿದರೆ ನೋವಿಲ್ಲ, ಮುಂದಿನ ಮೆತ್ತನೆ ಜಾಗದಲ್ಲಿ ಇದೆ. ನಾಳೆ ಸ್ಕೋರ್ ಶೀಟ್ ಕೇಳುತ್ತೇನೆ. ಆದರೆ ವಾಪಸ್ ಆಡುವಾಗ ಮತ್ತೆ ಬ್ಲಾಕ್‌ಗೆ ನೆಗೆಯಲು ಭಯ ಆಗುವುದಿಲ್ವಾ?

ಪಿಟಿ_ಮೇಡಂ:

ಆಗುತ್ತದೆ. ಹಾಗಂತ ಮೊದಲ ದಿನವೇ ಮ್ಯಾಚ್‌ಗೆ ಇಳಿಯಬೇಡ. ಮೊದಲು ಎದುರಿಗೆ ಯಾರೂ ಇಲ್ಲದೆ ನೆಗೆ, ಎರಡೂ ಪಾದದ ಮೇಲೆ ಮಂಡಿ ಬಗ್ಗಿಸಿ ಇಳಿ. ಆಮೇಲೆ ಎದುರಿಗೆ ಸ್ಮ್ಯಾಶ್ ಹೊಡೆಯುವ ಒಬ್ಬಳೇ ಹುಡುಗಿ ಇರಲಿ, ನಿಧಾನಕ್ಕೆ. ಒಮ್ಮೆ ಉಳುಕಿದ ಕಾಲಿಗೆ ಆಂಕಲ್ ಬ್ರೇಸ್ (ಗಿಣ್ಣಿಗೆ ಆಸರೆ ಕೊಡುವ ಪಟ್ಟಿ) ಅಥವಾ ಟೇಪ್ ಇದ್ದರೆ ಮತ್ತೆ ಉಳುಕುವುದು ಕಡಿಮೆ, ಕೆಲವು ತಿಂಗಳು ಹಾಕಿಕೋ. ಒಂಟಿ ಕಾಲಿನ ಅಭ್ಯಾಸ ಮಾತ್ರ ಬ್ರೇಸ್ ತೆಗೆದು ಮಾಡು.