ನೇಪಾಳದಲ್ಲಿ ಮೇಷ್ಟ್ರಾಗಿದ್ದೇವೆ, ಜಾಜರ್‌ಕೋಟ್ ಭೂಕಂಪಕ್ಕೆ ದುಡ್ಡು ಯಾರ ಕೈಗೆ ಕೊಡಬೇಕು? (2023ರ ಚರ್ಚೆ)

ಗಣಿತದ ಮೇಷ್ಟ್ರು, ಕಠ್ಮಂಡು:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 2023ರ ನವೆಂಬರ್ 3ರ ರಾತ್ರಿ ಪಶ್ಚಿಮ ನೇಪಾಳದ ಜಾಜರ್‌ಕೋಟ್, ಪಶ್ಚಿಮ ರುಕುಮ್ ಕಡೆ ಆದ ಭೂಕಂಪದ ಸುದ್ದಿ ನೋಡಿರುತ್ತೀರಿ. 150ಕ್ಕೂ ಹೆಚ್ಚು ಜನ ಹೋದರು. ಉಳಿದವರು ಈ ಚಳಿಯಲ್ಲಿ ಟಾರ್ಪಲ್ ಕೆಳಗೆ ಮಲಗುತ್ತಿದ್ದಾರೆ. ನಮ್ಮ ಶಾಲೆ ಎಲ್ಲರ ಒಂದು ದಿನದ ಸಂಬಳ ಹಿಡಿದು ಪ್ರಧಾನಿ ಪರಿಹಾರ ನಿಧಿಗೆ ಕೊಡುತ್ತದಂತೆ. ಅದು ಸರಿ. ಅದಲ್ಲದೆ ಭಾರತದಿಂದ ಬಂದ ನಾವು ನಾಲ್ಕು ಜನ ಟೀಚರ್‌ಗಳು ಸೇರಿ ಎನ್‌ಸಿ (ನೇಪಾಳಿ ರೂಪಾಯಿ) 60 ಸಾವಿರ ಕೊಡಬೇಕೆಂದಿದ್ದೇವೆ. ನಿಧಿಗೇ ಹಾಕುವುದಾ, ಕಂಬಳಿ ಕೊಂಡು ಕಳಿಸುವುದಾ, ಅಲ್ಲಿನ ಯಾವುದಾದರೂ ಶಾಲೆಗೆ ನೇರವಾಗಿ ಕೊಡುವುದಾ? ಹೊರದೇಶದಲ್ಲಿ ಪಾಠ ಮಾಡುವಾಗ ಹೀಗೆ ಕೊಟ್ಟವರು ದಯವಿಟ್ಟು ಹೇಳಿ.

ಮೈಸೂರು ರಾಯರು:
ಸರ್, 2015ರಲ್ಲಿ ನಾನು, ನಮ್ಮ ಮನೆಯವರು ಇಬ್ಬರೂ ಕಠ್ಮಂಡುವಿನಲ್ಲೇ ಟೀಚರ್. ಏಪ್ರಿಲ್ 25, ಶನಿವಾರ, 11:56ಕ್ಕೆ ಭೂಕಂಪ. ಅಲ್ಲಿ ಶನಿವಾರ ವಾರದ ರಜೆ, ಅದಕ್ಕೇ ಶಾಲೆಗಳಲ್ಲಿ ಮಕ್ಕಳಿರಲಿಲ್ಲ. ಇಲ್ಲದಿದ್ದರೆ ಸತ್ತವರ ಲೆಕ್ಕ 9 ಸಾವಿರದ ಹತ್ತಿರ ನಿಲ್ಲುತ್ತಿರಲಿಲ್ಲ. ನನ್ನ ಮಾತು ಕೇಳಿ: ನಿಧಿ ಗಿಧಿ ಬೇಡ, ಸಾಮಾನು ಕೊಡಿ. ನಾವು ತಗಡು ಕೊಟ್ಟೆವು. ಯಾರು ಏನೇ ಅನ್ನಲಿ, ಆ ಬಗ್ಗೆ ಹೆಮ್ಮೆ ಇದೆ.

ಲೆಕ್ಕ ಹೇಳುತ್ತೇನೆ. ನಮ್ಮಿಬ್ಬರ ಉಳಿತಾಯ ಎನ್‌ಸಿ 85 ಸಾವಿರ. ಊರಿಂದ ತಮ್ಮ, ಭಾವ ಸೇರಿ ಐಸಿ (ಭಾರತದ ರೂಪಾಯಿ) 50 ಸಾವಿರ ಹಾಕಿದರು. ಆಗ ಇಂಡೋ-ನೇಪಾಳ ರವಾನೆಗೆ ಒಂದು ಸಲಕ್ಕೆ ಅಷ್ಟೇ ಮಿತಿ. 2021ರಲ್ಲಿ 2 ಲಕ್ಷ ಮಾಡಿದರು. ನಮ್ಮ ಒಂದು ರೂಪಾಯಿಗೆ ಎನ್‌ಸಿ 1.60ರ ಲೆಕ್ಕದಲ್ಲಿ ಅದು ಎನ್‌ಸಿ 80 ಸಾವಿರ ಆಯಿತು. ಆಮೇಲೆ ಭಾವ ಸುನೌಲಿ ಗಡಿ ದಾಟಿ ತಾವೇ ಬಂದರು, ಇನ್ನೊಂದು ಐಸಿ 20 ಸಾವಿರ ತಂದರು. ಆಗ ನಮ್ಮ 500, 1000ದ ನೋಟಿಗೆ ನೇಪಾಳದಲ್ಲಿ ನಿಷೇಧ. ಎಲ್ಲ ನೂರರ ನೋಟು! ಪ್ಯಾಂಟಿನ ಜೇಬು, ಬ್ಯಾಗಿನ ತಳ, ಚಕ್ಕುಲಿ ಡಬ್ಬ, ಎಲ್ಲ ಕಡೆ ನೋಟು. ಒಟ್ಟು ಎನ್‌ಸಿ 1,97,000.

ಖರ್ಚು: ತಗಡು ಬಂಡಲ್‌ಗೆ 7,800. ಹದಿನೆಂಟು ಬಂಡಲ್, 1,40,400. ಭೂಕಂಪಕ್ಕೆ ಮುಂಚೆ ಇದರ ಬೆಲೆ ಎಷ್ಟಿತ್ತು ಎಂದು ಅಂಗಡಿಯವನನ್ನು ಕೇಳಿದೆ, ಸುಮ್ನೆ ನಕ್ಕ. ಮೊಳೆ, ರಬ್ಬರ್ ವಾಷರ್ 6,300. ಸಿಂಧುಪಾಲ್ಚೋಕ್ ಜಿಲ್ಲೆಗೆ ಲಾರಿಯವನು ಬಾಡಿಗೆ ಮೊದಲು 14 ಸಾವಿರ ಎಂದಿದ್ದ. ಮೇ 12ಕ್ಕೆ ಮತ್ತೆ 7.3ರ ಕಂಪ ಆಯಿತಲ್ಲ, ಮಾರನೇ ದಿನ ಅದೇ ಮನುಷ್ಯ 26 ಸಾವಿರ ಎಂದ. ಹಮಾಲಿ 4,500. ಉಳಿದದ್ದರಲ್ಲಿ ಟಾರ್ಪಲ್ ತಂದೆವು.

ಅಸಲಿ ಕಷ್ಟ ಆಮೇಲೆ. 'ಏಕದ್ವಾರ ನೀತಿ'. ಪರಿಹಾರದ ಸಾಮಾನೆಲ್ಲ ಜಿಲ್ಲಾಡಳಿತದ ಬಾಗಿಲಿಂದಲೇ ಹೋಗಬೇಕು. ಒಂದು ಕಚೇರಿಯ ಮುಂದೆ ನಮ್ಮ ಲಾರಿ ರಾತ್ರಿಯೆಲ್ಲ ನಿಂತಿತು. ಕಾಯುವ ಚಾರ್ಜು ಬೇರೆ, 3 ಸಾವಿರ. ಅದನ್ನು ನನ್ನ ಜೇಬಿಂದಲೇ ಕೊಟ್ಟೆ. ಆದರೆ ಮೇ 31ಕ್ಕೆ ಶಾಲೆಗಳು ಮತ್ತೆ ತೆರೆದಾಗ ಅಲ್ಲಿನ ಮಕ್ಕಳು ಬಿದಿರಿನ ಕಂಬ, ನಮ್ಮ ತಗಡಿನ ಕೆಳಗೆ ಕೂತರು. ನಿಧಿಗೆ ಹಾಕಿದ್ದರೆ ಇದು ಆಗುತ್ತಿತ್ತಾ? ಸರ್ಕಾರದ ಮನೆ ಕಟ್ಟುವ 3 ಲಕ್ಷ ಮೂರು ಕಂತಿನಲ್ಲಿ ಬರುವಷ್ಟರಲ್ಲಿ ಜನ ಎರಡು ಚಳಿಗಾಲ ನೋಡಿದ್ದರು.

ನಿಶಿಕಸಾಯಿ ಅಕ್ಕ:
ರಾಯರೇ, ನಿಮ್ಮ ಶ್ರಮಕ್ಕೆ ನಮಸ್ಕಾರ. ಆದರೆ 29 ಸಾವಿರ ಲಾರಿಗೇ ಹೋಯಿತು ಅಂತ ನೀವೇ ಬರೆದಿದ್ದೀರಿ. ಆ ದುಡ್ಡಿಗೆ ಇನ್ನೂ ಮೂರು ಬಂಡಲ್ ಬರುತ್ತಿತ್ತು.

ನಾನು ತೋಕಿಯೋದಲ್ಲಿ ಭಾರತೀಯ ಮಕ್ಕಳ ಶಾಲೆಯಲ್ಲಿ ವಿಜ್ಞಾನ ಟೀಚರ್. 2011 ಮಾರ್ಚ್ 11, ಮಧ್ಯಾಹ್ನ 2:46ಕ್ಕೆ ಭೂಕಂಪ ಆದಾಗ ಕ್ಲಾಸ್‌ನಲ್ಲಿದ್ದೆ. ಆಗ ಈಶಾನ್ಯ ಜಪಾನಿನ ತೊಹೊಕು ಕಡೆ ಕಳಿಸಿದ ಹಳೆ ಬಟ್ಟೆಯ ಮೂಟೆಗಳು ವಿಂಗಡಿಸುವವರಿಲ್ಲದೆ ಶಾಲೆಯ ಜಿಮ್‌ಗಳಲ್ಲಿ ಬಿದ್ದಿದ್ದವು. ನಾನು ಅಂಚೆ ಕಚೇರಿಗೆ ಹೋಗಿ ರೆಡ್ ಕ್ರಾಸ್‌ನ 'ಗಿಎಂಕಿನ್' (ಸಂತ್ರಸ್ತರಿಗೆ ಹಂಚುವ ದೇಣಿಗೆ) ಖಾತೆಗೆ 70 ಸಾವಿರ ಯೆನ್ ಕಟ್ಟಿದೆ. ಆ ಹಣ ಪ್ರಿಫೆಕ್ಚರ್‌ಗಳ (ಅಲ್ಲಿನ ಪ್ರಾಂತ್ಯಗಳ) ಹಂಚಿಕೆ ಸಮಿತಿಗೆ ಹೋಗುತ್ತದೆ. ಮನೆ ಪೂರ್ತಿ ಹೋದವರಿಗೆ ಇಷ್ಟು, ಅರ್ಧ ಹೋದವರಿಗೆ ಇಷ್ಟು ಅಂತ ಹಂಚುತ್ತಾರೆ. ತಡ ಆಯಿತು ಅಂತ ಅಲ್ಲಿ ಎಲ್ಲರೂ ಬೈದರು, ನಿಜ. ಆದರೆ ಕೊಟ್ಟಿದ್ದು ಜನರಿಗೇ ಮುಟ್ಟುತ್ತದೆ.

ನನಗೆ ಹೊಟ್ಟೆ ಉರಿಸಿದ್ದು ಬೇರೆ. ಫುಕುಶಿಮಾ ಅಣು ಸ್ಥಾವರದ ಸುದ್ದಿ ಬಂದ ಕೂಡಲೇ ನಮ್ಮ ಶಾಲೆಯ ಎಷ್ಟೋ ಜನ ವಿಮಾನ ಹತ್ತಿದರು. ಮಾಮೂಲಿಯ ಮೂರು ಪಟ್ಟು ಕೊಟ್ಟು ಟಿಕೆಟ್. ನಾನು ಉಳಿದೆ. ಉಳಿದ ಮಕ್ಕಳಿಗೆ ಪಾಠ ಮಾಡಿದೆ, ನೀರಿನ ಬಾಟಲಿಗೆ ಕ್ಯೂ ನಿಂತೆ. ಏಪ್ರಿಲ್‌ನಲ್ಲಿ ವಾಪಸ್ ಬಂದವರೊಬ್ಬರು ಒಂದು ಲಕ್ಷ ಯೆನ್ ಕೊಟ್ಟರು ಅಂತ ಅಸೆಂಬ್ಲಿಯಲ್ಲಿ ಚಪ್ಪಾಳೆ! ಅವರಿಗೆ ಆ ತಿಂಗಳ ಪೂರ್ತಿ ಸಂಬಳವೂ ಸಿಕ್ಕಿತ್ತು. ಆದ್ದರಿಂದ ಗಣಿತದ ಮೇಷ್ಟ್ರೇ, ದುಡ್ಡು ಕೊಡಿ, ಆದರೆ ಶಾಲೆಯಲ್ಲಿ ಕೊಟ್ಟವರ ಪಟ್ಟಿ ಅಂಟಿಸಲು ಬಿಡಬೇಡಿ.

ಮೈಸೂರು ರಾಯರು:
ಅಕ್ಕಾ, ಜಪಾನ್ ಬೇರೆ, ಸಿಂಧುಪಾಲ್ಚೋಕ್ ಬೇರೆ. ಅಲ್ಲಿ ಅಂಚೆ ಕಚೇರಿಯೇ ಬಿದ್ದು ಹೋಗಿತ್ತು. ಭೂಕಂಪದ ನಂತರ ತೆರೆದ ಪರಿಹಾರ ಖಾತೆಗಳ ಹಣವನ್ನೆಲ್ಲ ಪ್ರಧಾನಿ ನಿಧಿಗೆ ಸೇರಿಸುತ್ತೇವೆ ಅಂತ 2015ರಲ್ಲಿ ಸೂಚನೆ ಹೊರಡಿಸಿದರು. ಎಲ್ಲ ಕಡೆ ಗಲಾಟೆಯಾಗಿ ಮೆತ್ತಗಾದರು. ಇದನ್ನೆಲ್ಲ ನೋಡಿದವನು ನಾನು.

ಅಂಕಾರಾ ಕೆಮಿಸ್ಟ್ರಿ:
ಸಾಮಾನೋ ದುಡ್ಡೋ ಅಂತ ಯಾಕೆ ಕಿತ್ತಾಡುತ್ತೀರಿ? ಯಾರ ಕೈಗೆ ಅನ್ನುವುದೇ ಪ್ರಶ್ನೆ. ಟರ್ಕಿಯಲ್ಲಿ 2023ರ ಫೆಬ್ರವರಿ 6ರ ಬೆಳಗಿನ ಜಾವ 4:17ಕ್ಕೆ ಆದ ಭೂಕಂಪ ಎಲ್ಲರಿಗೂ ಗೊತ್ತು. 50 ಸಾವಿರಕ್ಕೂ ಜಾಸ್ತಿ ಸಾವು. ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಬಣ. ಸರ್ಕಾರದ ವಿಪತ್ತು ಸಂಸ್ಥೆ ಆಫಾದ್‌ಗೆ ಕೊಡುವವರು ಒಂದು ಕಡೆ, ಒಬ್ಬ ರಾಕ್ ಗಾಯಕರು ಕಟ್ಟಿದ ಅಹ್ಬಾಪ್ ಸಂಸ್ಥೆಗೆ ಕೊಡುವವರು ಇನ್ನೊಂದು ಕಡೆ. ಯಾರಿಗೆ ಕೊಟ್ಟೆ ಅಂತ ಹೇಳಿದರೆ ಯಾರಿಗೆ ಓಟು ಹಾಕುತ್ತೀ ಅಂತ ಹೇಳಿದ ಹಾಗೆ. ವಿದೇಶಿಯಾದ ನನಗೆ ಅದು ಯಾಕೆ ಬೇಕು?

ನಾನು ಎರಡಕ್ಕೂ ಕೊಡಲಿಲ್ಲ. ನಮ್ಮ ಶಾಲೆಯ ಅಡುಗೆಯವರ ತಮ್ಮನ ಸಂಸಾರ ಭೂಕಂಪ ಆದ ಹತಾಯ್ ಪ್ರಾಂತ್ಯದಿಂದ ಉಟ್ಟ ಬಟ್ಟೆಯಲ್ಲಿ ಬಂದಿತ್ತು. ಅವರಿಗೆ ಬಾಡಿಗೆ ಮನೆ ಹಿಡಿದುಕೊಟ್ಟೆ. ಜನವರಿಯಲ್ಲಿ 5 ಸಾವಿರ ಲೀರಾ ಇದ್ದ ಮನೆಗೆ 9 ಸಾವಿರ ಕೇಳಿದರು. ಎರಡು ತಿಂಗಳ ಅಡ್ವಾನ್ಸ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಹೀಟರ್ 1,400, ಹಾಸಿಗೆ ಎರಡು. ತಿಂಗಳ ಕೊನೆಗೆ ನನ್ನ ಹತ್ತಿರ ಬಸ್ ಕಾರ್ಡಿಗೂ ದುಡ್ಡಿರಲಿಲ್ಲ. ಆಮೇಲೆ ಫೆಬ್ರವರಿ ಕೊನೆಗೆ ಪೇಪರ್‌ನಲ್ಲಿ ಬಂತು ನೋಡಿ: ಕಂಪ ಆದ ಮೂರನೇ ದಿನ ಟರ್ಕಿ ರೆಡ್ ಕ್ರೆಸೆಂಟ್‌ನ (ಅಲ್ಲಿನ ರೆಡ್ ಕ್ರಾಸ್) ಕಂಪನಿ ಅಹ್ಬಾಪ್‌ಗೇ 2,050 ಡೇರೆ ಮಾರಿತ್ತು, 4.6 ಕೋಟಿ ಲೀರಾಗೆ. ಎರಡೂ ಬಣದವರು ಒಂದು ವಾರ ಮಾತಿಲ್ಲ ಕತೆಯಿಲ್ಲ.

ನಿಶಿಕಸಾಯಿ ಅಕ್ಕ:
ಒಂದು ಸಂಸಾರಕ್ಕೆ ಕೊಟ್ಟಿರಿ, ಒಳ್ಳೆಯದೇ. ಆದರೆ ಶಾಲೆಯ ಅಡುಗೆಯವರು ಗೊತ್ತಿಲ್ಲದ ಸಂಸಾರಗಳ ಗತಿ?

ಅಂಕಾರಾ ಕೆಮಿಸ್ಟ್ರಿ:
ಅವರಿಗೆ ನಿಮ್ಮ ಸಮಿತಿ ಇದೆಯಲ್ಲ ಅಕ್ಕಾ.

ಭೂತಾನ್ ಹಳೇ ಕಾಂಟ್ರಾಕ್ಟ್:
ನನ್ನ ಅನುಭವ ಯಾರಿಗೂ ಹಿಡಿಸುವುದಿಲ್ಲ, ಆದರೂ ಬರೆಯುತ್ತೇನೆ. 2009ರಲ್ಲಿ ಪೂರ್ವ ಭೂತಾನ್‌ನಲ್ಲಿ ಕಾಂಟ್ರಾಕ್ಟ್ ಟೀಚರ್ ಆಗಿದ್ದೆ, ತ್ರಾಶಿಗಾಂಗ್ ಕಡೆ. ಸೆಪ್ಟೆಂಬರ್ 21ಕ್ಕೆ 6.1ರ ಕಂಪ. 12 ಜನ ಸತ್ತರು. ಕಲ್ಲು-ಮಣ್ಣಿನ ಮನೆಗಳು, ಶಾಲೆಗಳು ಬಿರುಕು ಬಿಟ್ಟವು. ನಾವು ಹೊರಗಿನ ಟೀಚರ್‌ಗಳೆಲ್ಲ ಒಂದು ವಾರದ ಸಂಬಳ ಕೊಟ್ಟೆವು. ನಾನು 3,200 ನ್ಗುಲ್ಟ್ರಮ್ ಕೊಟ್ಟೆ. ಅಲ್ಲಿ ರೂಪಾಯಿಗೂ ಅದಕ್ಕೂ ಒಂದೇ ಬೆಲೆ, ಹಾಗಾಗಿ ಲೆಕ್ಕ ಸುಲಭ.

ನಾನಿದ್ದ ಬಾಡಿಗೆ ಮನೆಯ ಗೋಡೆಯೂ ಬಿರುಕು ಬಿಟ್ಟಿತ್ತು. ಮನೆ ಮಾಲೀಕ ಏನಂದ ಗೊತ್ತಾ? ರಿಪೇರಿಗೆ ಅರ್ಧ ನೀನು ಕೊಡು ಅಂದ. ಗಾರೆ ಕೆಲಸದವನಿಗೆ 2,800, ಮರಳು ಹೊತ್ತು ತಂದವರಿಗೆ 900, ಬಾಗಿಲು ಮತ್ತೆ ಕೂರಿಸಲು 650. ಸಂತ್ರಸ್ತರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ, ನಾನು ವಿದೇಶಿ. ಕೊಡುವವರ ಪಟ್ಟಿಯಲ್ಲಿ ಮಾತ್ರ ಮೊದಲನೇ ಸಾಲಿನಲ್ಲಿತ್ತು. ಮೇಷ್ಟ್ರೇ, ಮೊದಲು ನಿಮ್ಮ ಕಟ್ಟಡದ ಪಿಲ್ಲರ್ ನೋಡಿಸಿ.

ಮೈಸೂರು ರಾಯರು:
ಸತ್ತವರ ಮಧ್ಯೆ ನಿಮ್ಮ 650 ರೂಪಾಯಿ ಬಾಗಿಲಿನ ಲೆಕ್ಕವಾ?

ಭೂತಾನ್ ಹಳೇ ಕಾಂಟ್ರಾಕ್ಟ್:
ವಾಷರ್‌ಗೆ 6,300 ಅಂತ ಬರೆದವರು ಯಾರು ಸ್ವಾಮಿ?

ಮಡಿಕೇರಿ ಮಂಜು:
ಟೋಕಿಯೋ, ಅಂಕಾರಾ ಎಲ್ಲ ಸರಿ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಗುಡ್ಡ ಜರಿದಾಗ ಇವರೆಲ್ಲ ಎಷ್ಟು ಕೊಟ್ಟರು?

ಅಂಕಾರಾ ಕೆಮಿಸ್ಟ್ರಿ:
ಇದೊಂದು ಬಾಕಿ ಇತ್ತು. ಅನ್ನ ಕೊಡುತ್ತಿರುವ ಊರಿಗೆ ಕಷ್ಟ ಬಂದರೆ ಕೊಡುವುದಕ್ಕೂ ಮಡಿಕೇರಿಯ ಒಪ್ಪಿಗೆ ಬೇಕಾ ಅಣ್ಣ?

ಮೈಸೂರು ರಾಯರು:
ಮಂಜು, ನಾನು ಕೊಡಗಿಗೂ ಕೊಟ್ಟಿದ್ದೇನೆ. ಅಕ್ಕಿ, ಬೆಡ್‌ಶೀಟು. ಕೇಳುವ ಮುಂಚೆ ಯೋಚನೆ ಮಾಡಿ.

ಮಡಿಕೇರಿ ಮಂಜು:
ಬೇಜಾರಾಗಬೇಡಿ ರಾಯರೇ. ಆದರೆ ನಮ್ಮಲ್ಲೂ ಬಟ್ಟೆ ರಾಶಿ ಬಿದ್ದಿತ್ತು. ಇಡಲು ಜಾಗ ಇರಲಿಲ್ಲ. ಬೇಕಾಗಿದ್ದು ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಬಂದದ್ದು ಹಳೆ ಸೀರೆ. ಈ ವಿಷಯದಲ್ಲಿ ಅಕ್ಕ ಹೇಳಿದ್ದು ಸರಿ.

ನಿಶಿಕಸಾಯಿ ಅಕ್ಕ:
ಧನ್ಯವಾದ ಮಂಜು.

ಬೀರ್‌ಗಂಜ್ ಮಾಜಿ:
ಕೊಡುವ ವಿಷಯ ಬಂದಿದ್ದರಿಂದ ಒಂದು ಮಾತು. 2015ರಲ್ಲಿ ನಾವು ಗಡಿಯ ಶಾಲೆಯವರು ಮೈಮುರಿದು ಕೊಟ್ಟೆವು. ಮೇನಲ್ಲೇ ನಮ್ಮ ಟಿವಿಯವರ ಮೇಲಿನ ಸಿಟ್ಟಿಗೆ 'ಗೋ ಹೋಮ್ ಇಂಡಿಯನ್ ಮೀಡಿಯಾ' ಅಂತ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಭಾರತ-ನೇಪಾಳ ಗಡಿ ಬಂದ್, ಭಾರತದ ಲಾರಿಗಳು ನಿಂತವು. ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನೇ ಲಾರಿ ತಡೆದ ಹಾಗೆ. ಒಂದು ಸಿಲಿಂಡರ್‌ಗೆ ಬ್ಲ್ಯಾಕ್‌ನಲ್ಲಿ 7 ಸಾವಿರ ಎನ್‌ಸಿ ಕೊಟ್ಟೆ. ಒಂದು ತಿಂಗಳು ಇಂಡಕ್ಷನ್ ಸ್ಟವ್‌ನಲ್ಲಿ ಅನ್ನ, ಅದಕ್ಕೂ ಎಷ್ಟೋ ಸಲ ಕರೆಂಟ್ ಇರಲಿಲ್ಲ. ಕೊಟ್ಟದ್ದು ಯಾರಿಗೂ ನೆನಪಿರುವುದಿಲ್ಲ.

ಮೈಸೂರು ರಾಯರು:
ನೆನಪಿರಲಿ ಅಂತ ಕೊಟ್ಟಿರಾ?

ಗಣಿತದ ಮೇಷ್ಟ್ರು, ಕಠ್ಮಂಡು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ 9ನೇ ಕ್ಲಾಸಿನ ಒಬ್ಬ ಹುಡುಗನ ಊರು ಜಾಜರ್‌ಕೋಟ್‌ನ ನಲ್‌ಗಾಡ್ ಹತ್ತಿರ. ಅವರ ಊರಿನ ಶಾಲೆಗೆ ಹಾಕಿಸಲು ತಗಡೇ ಬೇಕು, ಕಂಬಳಿ ಸಾಕಷ್ಟು ಬಂದಿದೆ ಎಂದು ಅವರ ಅಪ್ಪ ಫೋನಿನಲ್ಲಿ ಹೇಳಿದರು. ತಾತ್ಕಾಲಿಕ ಮನೆಗೆ ಸರ್ಕಾರ ಎರಡು ಕಂತಿನಲ್ಲಿ 50 ಸಾವಿರ ಕೊಡುತ್ತದಂತೆ, ಶಾಲೆಗೆ ಅದು ಬರುವುದಿಲ್ಲ. ತಗಡನ್ನು ಕಠ್ಮಂಡುವಿನಿಂದ ಕಳಿಸುವ ಬದಲು ಅಲ್ಲಿಗೆ ಹತ್ತಿರದ ನೇಪಾಳ್‌ಗಂಜ್ ಅಥವಾ ಸುರ್ಖೇತ್‌ನಲ್ಲೇ ಕೊಂಡರೆ ಬಾಡಿಗೆ ಉಳಿಯುತ್ತದಾ? ಎಷ್ಟು ಗೇಜ್ (ದಪ್ಪ) ತೆಗೆದುಕೊಳ್ಳಬೇಕು?

ಮೈಸೂರು ರಾಯರು:
ನೋಡಿದಿರಾ! ತಗಡು! ನಾನು ಮೊದಲೇ ಹೇಳಿದೆ. ಸುರ್ಖೇತ್‌ನಲ್ಲೇ ಕೊಳ್ಳಿ. 26 ಗೇಜ್.

ಬೀರ್‌ಗಂಜ್ ಮಾಜಿ:
2015ರಲ್ಲಿ 7,800ಕ್ಕೆ 26 ಗೇಜ್ ಬಂಡಲ್ ಸಿಕ್ಕಿರಲು ಸಾಧ್ಯವೇ ಇಲ್ಲ ರಾಯರೇ. ನಿಮಗೆ ತೆಳುವಾದ 28 ಗೇಜ್ ಕೊಟ್ಟಿದ್ದಾರೆ.

ಮೈಸೂರು ರಾಯರು:
ಬಿಲ್ ಇದೆ ನನ್ನ ಹತ್ತಿರ. ಸ್ಕ್ಯಾನ್ ಮಾಡಿ ಹಾಕಲಾ?

ಬೀರ್‌ಗಂಜ್ ಮಾಜಿ:
ಹಾಕಿ.